ಗಂಟೆ ಕೇಳಿಸುವಷ್ಟು ನೆಲ

ಸರಯೂ ಹೊಂಬಳಳ ಕಂಪ್ಯೂಟರಿನಲ್ಲಿ ಒಂದು ಖಾಲಿ ಪೆಟ್ಟಿಗೆ ಇತ್ತು. ಎರಡು ವರ್ಷದಿಂದ ಅದು ಖಾಲಿಯೇ, ಮತ್ತು ಅವಳ ಹೆಮ್ಮೆಯೆಲ್ಲ ಅದರಲ್ಲೇ ಇತ್ತು. ಧಾರವಾಡದ ಭೂನಕ್ಷೆ ಕೇಂದ್ರದಲ್ಲಿ ಕೂತು ಅವಳು ಬರೆದ, ಬೇರೆ ಪ್ರೋಗ್ರಾಮುಗಳು ಎರವಲು ಪಡೆಯುವ ಪೈಥಾನ್ ಲೈಬ್ರರಿ ರಾಜ್ಯದ ಯಾವ ಮೂಲೆಯ ಯಂತ್ರದಲ್ಲಿ ಎಡವಿದರೂ ಒಂದು ಸಾಲಿನ ವರದಿ ಆ ಪೆಟ್ಟಿಗೆಗೆ ಬಂದು ಬೀಳಬೇಕು. ಒಂದೂ ಬಿದ್ದಿರಲಿಲ್ಲ. ಬಂದವರಿಗೆಲ್ಲ ಅವಳು ಅದನ್ನು ತೆರೆದು ತೋರಿಸುತ್ತಿದ್ದಳು, ಹೊಸ ಮನೆ ಕಟ್ಟಿದವರು ಬಚ್ಚಲನ್ನೂ ಬಿಡದೆ ತೋರಿಸುವ ಹಾಗೆ.

ಲೈಬ್ರರಿಯ ಹೆಸರು ‘ನೆಲ’. ಅದು ಬರುವ ಮೊದಲು ನಕ್ಷೆಯ ಪ್ರೋಗ್ರಾಮು ಬರೆಯುವುದೆಂದರೆ ಸೊಂಟ ಮುರಿಯುವ ಕೆಲಸ. ಭೂಮಿ ದುಂಡಗೆ, ಕಾಗದ ಚಪ್ಪಟೆ. ಒಂದೊಂದು ಇಲಾಖೆ ಆ ದುಂಡನ್ನು ಒಂದೊಂದು ರೀತಿಯಲ್ಲಿ ಚಪ್ಪಟೆ ಮಾಡಿರುತ್ತದೆ. ಒಂದರ ಮೇಲೊಂದು ನಕ್ಷೆ ಇಟ್ಟರೆ ಹೊಳೆ ಗುಡ್ಡ ಹತ್ತುತ್ತದೆ, ರಸ್ತೆ ಕೆರೆಗಿಳಿಯುತ್ತದೆ. ಅದನ್ನೆಲ್ಲ ಸರಿಪಡಿಸಲು ಮುನ್ನೂರು ಸಾಲು ಬರೆಯಬೇಕು. ಸರಯೂ ಆ ಮುನ್ನೂರು ಸಾಲನ್ನು ಒಂದು ಸಾಲಿನೊಳಗೆ ಅಡಗಿಸಿದಳು. ‘ಯಾವ_ಊರು’ ಎಂದು ಬರೆದು ಅಕ್ಷಾಂಶ, ರೇಖಾಂಶ ಕೊಟ್ಟರೆ ಊರಿನ ಹೆಸರು ಬರುತ್ತದೆ. ಊರು ಗೊತ್ತಾದ ಮೇಲೆ ಉಳಿದದ್ದು ಸುಲಭ. ಆ ಊರಿನ ಎತ್ತರ, ಜನ, ದಾರಿ ಎಲ್ಲ ಅದರ ಬೆನ್ನಿಗೇ ಬರುತ್ತವೆ. ಆಂಬುಲೆನ್ಸು, ಬಸ್ಸು, ಮಾತ್ರೆ ಹೊತ್ತು ಹಾರುವ ಡ್ರೋನು, ಅಣೆಕಟ್ಟಿನ ಗೇಟು, ಎಲ್ಲವೂ ಈಗ ಹೆಜ್ಜೆ ಇಡುವ ಮೊದಲು ನೆಲವನ್ನು ಕೇಳುತ್ತಿದ್ದವು.

ವಿನ್ಯಾಸದ ಮೊದಲ ನಿಯಮವನ್ನು ಹಾಕಿಕೊಟ್ಟವರು ಕೇಂದ್ರದ ನಿರ್ದೇಶಕ ವೃಷಭೇಂದ್ರ ಹಲಗೇರಿ. “ಕೇಳಿದವ್ರಿಗೆ ತಕರಾರು ಕೇಳಸಬಾರದು. ಅಡ್ಡಗ್ವಾಡಿ ಮ್ಯಾಲೆ ದೀಪ ಇಟ್ಟಂಗ ಮಾತಾಡಬಾರದು. ಒಂದು ಪ್ರಶ್ನೆಗೆ ಒಂದ ಊರು” ಎಂದಿದ್ದರು. ಹಾಗಾಗಿ ನೆಲಕ್ಕೆ ‘ಗೊತ್ತಿಲ್ಲ’ ಎಂಬ ಉತ್ತರವೇ ಇರಲಿಲ್ಲ. ಮೊದಮೊದಲು ಇತ್ತು. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಸರಯೂ ಅದನ್ನು ಅಳಿಸಿದ್ದಳು.

ಅದರ ಜಾಗದಲ್ಲಿ ಅವಳು ‘ಹೊಲಿಗೆ’ ಎಂಬ ಹಂತವನ್ನು ಇಟ್ಟಳು. ಹಳೆಯ ಊರುನಕ್ಷೆಗಳನ್ನು ಪಕ್ಕಪಕ್ಕ ಜೋಡಿಸಿದರೆ ನಡುವೆ ಬಿರುಕುಗಳು ಉಳಿಯುತ್ತವೆ, ಯಾವ ಊರಿಗೂ ಸೇರದ ಚೂರುಗಳು. ಹೊಲಿಗೆ ಆ ಬಿರುಕಿನ ಅಂಚುಗಳನ್ನು ಹಿಡಿದೆಳೆದು ಮುಚ್ಚುತ್ತದೆ. ಒಳಗಿದ್ದದ್ದೆಲ್ಲ ಹತ್ತಿರದ ಊರಿನ ಪಾಲು. ಹೊರಗಿನಿಂದ ನೋಡಿದರೆ ಅಂಗಿಯ ಹೊಲಿಗೆಯಂತೆ ನೆಟ್ಟಗಿನ ಗೆರೆ. ಒಳಗೆ ಮಡಚಿಹೋದ ಬಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಬಟ್ಟೆ ಮೊದಲು ಕಂಡದ್ದು ದಾವಲಸಾಬ ನದಾಫರಿಗೆ. ಅವರು ನಿವೃತ್ತ ಮೋಜಣಿದಾರರು. ಮೂವತ್ತೈದು ವರ್ಷ ಸರಪಳಿ ಹಿಡಿದು ಹೊಲ ಅಳೆದವರು. ಹಳೆಯ ನಕ್ಷೆಗಳ ಗುರುತು ಓದಿ ಹೇಳಲು ಕೇಂದ್ರದವರು ಅವರನ್ನು ಆಗಾಗ ಕರೆಸುತ್ತಿದ್ದರು. ಆಷಾಢದ ಒಂದು ದಿನ ಅವರು ಬಟ್ಟೆಗೆ ಅಂಟಿಸಿದ ಒಂದು ನಕ್ಷೆಯನ್ನು ಸರಯೂಳ ಮೇಜಿನ ಮೇಲೆ ಹರಡಿ, ಬೂದಿಹಾಳ, ಕರಿಕಟ್ಟಿ, ತಿಮ್ಮಾಪುರ ಈ ಮೂರೂ ಊರಿನ ಗಡಿಗಳ ನಡುವಿನ ಒಂದು ಬೋಳು ಜಾಗದ ಮೇಲೆ ಬೆರಳಿಟ್ಟರು. ಅಲ್ಲಿ ಕೆಂಪು ಮಸಿಯಲ್ಲಿ ‘ಅಳೆದಿಲ್ಲ’ ಎಂದು ಬರೆದಿತ್ತು.

“ತಂಗಿ, ನಿಮ್ಮ ಯಂತ್ರದಾಗ ಈ ಜಾಗಾ ಎಲ್ಲಿ ಹೋತು?”

“ಅದು ಬಿರುಕ್ರೀ ಸಾಹೇಬ್ರ. ಹಳೇ ಅಳತಿ ತಪ್ಪು. ಮುಚ್ಚೇವಿ.”

“ತಪ್ಪಲ್ಲ ತಂಗಿ. ಬೇಕಂತ ಬಿಟ್ಟದ್ದು. ಆಗಿನ ಕಾಲಕ್ಕ ಬೂದಿಹಾಳ ಮುಂಬೈ ಸರಕಾರದ್ದು, ಕರಿಕಟ್ಟಿ ಸಂಸ್ಥಾನದ್ದು, ತಿಮ್ಮಾಪುರ ನಿಜಾಮಂದು. ಮೂರು ಕಡಿಯಿಂದ ಮೂರು ಮಂದಿ ಅಳಕೋತ ಬಂದ್ರು. ನಡುವ ಗಡಿಯವ್ವನ ಗುಡಿ. ಆಕಿ ಮೈಮ್ಯಾಲೆ ಸರಪಳಿ ಎಳೀಬಾರದಂತ ನಮ್ಮ ಮಂದ್ಯಾಗ ಪದ್ಧತಿ. ಗುಡಿ ಗಂಟಿ ಕಿವಿಗೆ ಬಿತ್ತಂದ್ರ ಅಲ್ಲೇ ಸರಪಳಿ ಮಡಚಬೇಕು. ಮೂರೂ ಮಂದಿ ಮಡಚಿದ್ರು. ಆಮ್ಯಾಲೆ ನಮ್ಮಪ್ಪ ಮಡಚಿದ. ನಾನೂ ಮಡಚೇನಿ.”

ಗಂಟೆ ಕೇಳಿಸುವಷ್ಟು ನೆಲ, ಐದಾರು ಎಕರೆ. ಸರಯೂಗೆ ನಗು ಬಂತು. “ಅಲ್ಲಿ ಮನಿ ಅದಾವೇನ್ರಿ?” ಎಂದಳು.

“ಮೂವತ್ತೊಂದು. ಹೊಳಿ ದಂಡಿ ಮ್ಯಾಲೆ ಇಟ್ಟಂಗಿ ಸುಡೋ ಮಂದಿ. ಯಾರದೂ ಅಲ್ಲದ ನೆಲ ಅಂತ ಅಲ್ಲಿ ಬಂದು ಕುಂತಾರ. ಯಾರೂ ಎಬ್ಬಿಸಿಲ್ಲ. ನಿಮ್ಮ ಯಂತ್ರದ ಪ್ರಕಾರ ಈಗ ಅವ್ರು ಬೂದಿಹಾಳದಾಗ, ಗುಡ್ಡದ ಮ್ಯಾಲೆ ಅದಾರ. ಖರೇ ನೋಡಿದ್ರ ನೀರಿನ ಮಗ್ಗಲದಾಗ ಅದಾರ.” ಮುದುಕರು ನಕ್ಷೆಯನ್ನು ಸುತ್ತಿ ಬಗಲಿಗೆ ಸೇರಿಸಿದರು. “ಗೊತ್ತಿಲ್ಲ ಅಂದ್ರ ಅದು ಸುಳ್ಳಾಗಂಗಿಲ್ಲ ತಂಗಿ. ಗೊತ್ತೈತಿ ಅಂದ್ರ ಸುಳ್ಳಾಗಬಹುದು.”

ಅವಳು ಲೆಕ್ಕ ಹಾಕಿದಳು. ಒಂದು ಕಡೆ ಏಳು ಕೋಟಿ ಜನ, ಇನ್ನೊಂದು ಕಡೆ ಮೂವತ್ತೊಂದು ಮನೆ. ‘ಗೊತ್ತಿಲ್ಲ’ವನ್ನು ಮತ್ತೆ ಒಳಗೆ ಬಿಟ್ಟರೆ ಆ ಮಾತು ಕೇಳಿ ಅಭ್ಯಾಸವಿಲ್ಲದ ಸಾವಿರಾರು ಯಂತ್ರಗಳು ಒಟ್ಟಿಗೇ ಮುಗ್ಗರಿಸುತ್ತವೆ, ಖಾಲಿ ಪೆಟ್ಟಿಗೆ ತುಂಬಿಹೋಗುತ್ತದೆ. ‘ಮುಂದಿನ ಆವೃತ್ತಿಯಲ್ಲಿ ನೋಡುವುದು’ ಎಂದು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿದಳು. ಅಲ್ಲಿ ಅಂಥ ಚೀಟಿಗಳು ಈಗಾಗಲೇ ಬಹಳ ಇದ್ದವು.

ವಿಚಿತ್ರವೆಂದರೆ ಆ ಜಾಗದ ಸುದ್ದಿ ಅವಳ ಅಡುಗೆಮನೆಗೂ ಬಂದಿತ್ತು. ಅವಳ ಏಳು ವರ್ಷದ ಮಗಳು ಮಿಂಚುವನ್ನು ಹುಟ್ಟಿದಾಗಿನಿಂದ ನೋಡಿಕೊಂಡಿದ್ದ ಕಾಶವ್ವ ವಾರವೆಲ್ಲ ಇವರ ಮನೆಯಲ್ಲೇ ಇದ್ದು, ಹಬ್ಬಹುಣ್ಣಿಮೆಗೆ ತನ್ನ ಊರಿಗೆ ಹೋಗುತ್ತಿದ್ದಳು. ಆ ಊರಿಗೆ ಹೆಸರಿರಲಿಲ್ಲ. ‘ಗಡಿಯವ್ವನ ಕಡೆ’ ಎನ್ನುತ್ತಿದ್ದಳು. ಮಗಳು, ಅಳಿಯ, ಮೊಮ್ಮಕ್ಕಳು ಅಲ್ಲಿ ಇಟ್ಟಂಗಿ ಕೆಲಸ ಮಾಡುತ್ತಿದ್ದರು.

“ಅಕ್ಕಾರ, ನಮ್ಮ ಅಳಿಯನ ಸಕ್ಕರಿ ರೋಗದ ಗುಳಿಗಿ ಆ ಹಾರೋದು ಬೂದಿಹಾಳದ ಸಾಲಿ ಮಾಳಿಗಿ ಮ್ಯಾಲೆ ಒಗದು ಹೋಗತೈತ್ರಿ” ಎಂದಳು ಒಂದು ಬೆಳಿಗ್ಗೆ, ಮಿಂಚುವಿನ ಜಡೆ ಹೆಣೆಯುತ್ತ. “ಹೋದ ತಿಂಗಳ ಬಸ್ಸಿನ ನಿಲ್ದಾಣ ತಗದ್ರು. ಬೀದಿದೀಪ ಕಿತಗೊಂಡು ಹೋದ್ರು. ಕೇಳಿದ್ರ, ಇಲ್ಲಿ ಮನಿ ಇಲ್ಲಂತಾರ. ಮನಿ ಮುಂದ ನಿಂತ ಹೇಳ್ತಾರ್ರಿ.”

ಸರಯೂ ಹಿಟ್ಟು ಕಲೆಸುತ್ತಿದ್ದ ಕೈ ನಿಲ್ಲಿಸಿದಳು. ಇದು ದಾವಲಸಾಬರ ಕೆಂಪು ಮಸಿಯ ಜಾಗವೇ ಎಂದು ಆಗಲೇ ತಿಳಿಯಿತು. ತಿಳಿದು ಅವಳು ಮಾಡಿದ್ದೇನೆಂದರೆ, ಗುಳಿಗೆಗಳು ಇನ್ನು ಮೇಲೆ ಧಾರವಾಡದ ತನ್ನ ಮನೆಗೇ ಬರುವಂತೆ ಬದಲಾಯಿಸಿದಳು. ಕಾಶವ್ವ ಕೈಮುಗಿದಳು. ಒಬ್ಬರ ಸಮಸ್ಯೆ ಬಗೆಹರಿಸಿ ನೂರು ಜನರದನ್ನು ಮರೆಯುವುದು ಎಷ್ಟು ಹಿತವಾಗಿರುತ್ತದೆ ಎಂಬುದು ಮಾಡಿದವರಿಗೇ ಗೊತ್ತು.

ನಾಗರ ಪಂಚಮಿ ಬಂತು. ಗುಡಿಯ ಮುಂದಿನ ಆಲದ ಮರಕ್ಕೆ ದೊಡ್ಡ ಜೋಕಾಲಿ ಕಟ್ಟುತ್ತಾರೆಂದು ಕೇಳಿದ್ದ ಮಿಂಚು ತಾನೂ ಬರುತ್ತೇನೆಂದು ಹಟ ಹಿಡಿದಳು.

“ಮಳಿ ಭಾಳ ಐತಿ, ಹೊಳಿ ಹೆಂಗೈತ್ಯೊ” ಎಂದಳು ಸರಯೂ.

“ನಮ್ಮ ಕಡೆ ಹೊಳಿ ಹೇಳದ ಬರಂಗಿಲ್ರಿ” ಎಂದು ಕಾಶವ್ವ ನಕ್ಕಳು. “ಸೋಮನಮಟ್ಟಿ ಡ್ಯಾಮಿನ ಗೇಟು ತೆಗಿಯೂ ಮುಂಚೆ ಗೇಟಿನ ಮನಶ್ಯಾ ಗಾಡಿ ಮ್ಯಾಲೆ ಬಂದು ಗುಡಿ ಗಂಟಿ ಬಾರಸ್ತಾನ. ನಾವು ಗುಡ್ಡ ಹತ್ತತೀವಿ. ಇಪ್ಪತ್ತು ವರ್ಷ ಆತು, ಒಂದು ಕೋಳಿ ಸತ್ತಿಲ್ಲ.”

ಆ ವರ್ಷದಿಂದ ಸೋಮನಮಟ್ಟಿಯ ಗೇಟುಗಳನ್ನು ಪ್ರೋಗ್ರಾಮೇ ತೆರೆಯುತ್ತಿತ್ತು, ಗೇಟಿನ ಮನುಷ್ಯನನ್ನು ಬೇರೆ ಕಡೆ ಹಾಕಿದ್ದರು. ಅದು ಸರಯೂಗೆ ಗೊತ್ತಿತ್ತು. ಗೊತ್ತಿದ್ದ ಎರಡು ಸಂಗತಿಗಳು ಅವಳ ತಲೆಯಲ್ಲಿ ಒಂದಕ್ಕೊಂದು ಕೂಡಲಿಲ್ಲ. ಮಗಳಿಗೆ ಹೊಸ ಲಂಗ ತೊಡಿಸಿ ಕಳಿಸಿದಳು.

ಪಂಚಮಿಯ ದಿನ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ರಜೆಯಿರಲಿಲ್ಲ. ಮೇಲಿನ ಘಟ್ಟದಲ್ಲಿ ಮೂರು ದಿನದಿಂದ ಮಳೆ ಹೊಯ್ಯುತ್ತಿತ್ತು. ನೆಲವನ್ನು ಕೇಳಿ ಅಣೆಕಟ್ಟಿನ ಗೇಟುಗಳು ತಾವೇ ತೆರೆದುಕೊಳ್ಳುವುದನ್ನು ನೋಡಲು ಹಲಗೇರಿಯವರು ಎಲ್ಲರನ್ನೂ ಕರೆಸಿ, ಶೇಂಗಾ ಉಂಡಿ ಹಂಚುತ್ತಿದ್ದರು. ಸರಯೂ ಉಂಡಿಯನ್ನು ಬಾಯಿಗಿಡುತ್ತ ಗೋಡೆಯಗಲದ ಪರದೆ ನೋಡಿದಳು. ಹತ್ತೂ ನಲವತ್ತು. ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಹೀಗಿತ್ತು: ‘ಸೋಮನಮಟ್ಟಿ. ಹೊಳೆಪಾತ್ರದಲ್ಲಿ ಜನವಸತಿ: ಇಲ್ಲ. ಸೈರನ್: ಬೇಕಿಲ್ಲ. ಗೇಟು ತೆರೆಯುವ ಸಮಯ: 11.00.’

ಕೂಡದಿದ್ದ ಎರಡು ಸಂಗತಿಗಳು ಈಗ ಕೂಡಿದವು.

ಕಾಶವ್ವನಿಗೆ ಫೋನು ಹಚ್ಚಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎಲ್ಲರೂ ಜೋಕಾಲಿಯ ಹತ್ತಿರ ಇರಬೇಕು. ಅಣೆಕಟ್ಟಿಗೆ ಹಚ್ಚಿದಳು. ಎತ್ತಿದವನು ಕಾವಲಿನ ತರುಣ ಎಂಜಿನಿಯರು. ತಾನು ಯಾರೆಂದು, ಎಲ್ಲಿಯ ಮಾತೆಂದು ಹೇಳಿದಳು.

“ಯಾವ ಊರು ಅಂದ್ರಿ ಮೇಡಂ?”

“ಊರಲ್ಲ. ಗಡಿಯವ್ವನ ಗುಡಿ. ನಿಮ್ಮ ಕೆಳಗ, ಹೊಳಿ ದಂಡಿಗೆ.”

ಅವನು ನಕ್ಷೆಯ ಮೇಲೆ ಗುರುತು ಹಾಕಿ ನೋಡಿದ. “ಬೂದಿಹಾಳ ಅಂತ ಬರ್ತದ್ರಿ. ಅದು ಗುಡ್ಡದ ಮ್ಯಾಲೈತಿ. ಗಾಬರಿ ಆಗಬ್ಯಾಡ್ರಿ.”

“ಅದು ತಪ್ಪು. ನಾನು ಹೇಳಾಕತ್ತೇನಿ.”

“ಮೇಡಂ, ಅದನ್ನ ಬರದಾವ್ರು ನೀವ ಅಲ್ಲೇನ್ರೀ?” ಎಂದ ಅವನು. ಕುಹಕವಿರಲಿಲ್ಲ, ನಿಜವಾಗಿ ಸಮಾಧಾನ ಹೇಳುತ್ತಿದ್ದ.

“ಕೈಲೆ ಗೇಟು ನಿಲ್ಲಸಾಕ ಬರೂದಿಲ್ಲೇನು?”

“ನೆಲ ತಾನ ‘ತಪ್ಪಾತು’ ಅಂತ ಹೇಳಿದ್ರ ಮಾತ್ರ ಗೇಟು ನಮ್ಮ ಕೈಗೆ ಬರ್ತದ್ರಿ. ಅದು ಎಂದೂ ಹಂಗ ಹೇಳಿಲ್ಲ.”

“ನೀರು ಎಷ್ಟೊತ್ತು ತಡಿಯಬಹುದು?”

“ಒಂದು ತಾಸು. ಆಮ್ಯಾಲೆ ಡ್ಯಾಮಿಗೇ ಕೇಡ್ರಿ.”

ಅವಳ ಹತ್ತಿರ ಒಂದು ಬೀಗದ ಕೈ ಇತ್ತು. ‘ತುರ್ತು’ ಎಂಬ ಗುರುತು ಹಾಕಿ ಲೈಬ್ರರಿಯನ್ನು ಬದಲಾಯಿಸಿದರೆ ಎರಡೇ ನಿಮಿಷದಲ್ಲಿ ರಾಜ್ಯದ ಎಲ್ಲ ಯಂತ್ರಗಳಿಗೂ ಆ ಬದಲಾವಣೆ ಮುಟ್ಟುತ್ತದೆ. ಆ ಬೀಗದ ಕೈ ಇದ್ದದ್ದು ಅವಳ ಹತ್ತಿರ ಮತ್ತು ಹಲಗೇರಿಯವರ ಹತ್ತಿರ ಮಾತ್ರ. ಅವಳು ಕೂತು ಹೊಲಿಗೆಯ ಹಂತವನ್ನು ಅಳಿಸಿದಳು. ಬಿರುಕಿನೊಳಗೆ ಬಿದ್ದ ಪ್ರಶ್ನೆಗೆ ಉತ್ತರ ಕೊಡದೆ ತಪ್ಪು ಎಂದು ನಿಂತುಬಿಡುವ ಒಂದು ಸಾಲು ಬರೆದಳು. ತಪ್ಪಿಗೆ ಹೆಸರು ಬೇಕಿತ್ತು. ‘ಅಳೆದಿಲ್ಲ’ ಎಂದು ಕೊಟ್ಟಳು.

ಹಲಗೇರಿಯವರು ಬೆನ್ನ ಹಿಂದೆ ನಿಂತಿದ್ದರು. “ಸರಯೂ ಅವರ, ಎಲ್ಲಾ ನಿಲ್ತದ. ಆಂಬುಲೆನ್ಸ್ ಸೈತ. ಮೂವತ್ತೊಂದು ಮನಿ ಸಲುವಾಗಿ?”

“ಮೂವತ್ತೊಂದು ಮನಿ ಸಲುವಾಗಿ ಅಲ್ರೀ ಸರ್” ಎಂದಳು. ಹೇಳುವಾಗ ನಾಚಿಕೆಯಾಯಿತು. “ನನ್ನ ಮಗಳು ಅಲ್ಲಿ ಅದಾಳ.”

ಅವರು ಅವಳ ಕೈ ಹಿಡಿದು ತಡೆಯಲಿಲ್ಲ. ಹಿಡಿದಿದ್ದರೂ ತಡವಾಗಿತ್ತು. ಹತ್ತೂ ಐವತ್ತನಾಲ್ಕಕ್ಕೆ ಅವಳು ಗುಂಡಿ ಒತ್ತಿದಳು.

ಪರದೆಯ ಹಸಿರು ಮೂಲೆಯಿಂದ ಕೆಂಪಾಗತೊಡಗಿತು. ಲೆಕ್ಕದ ನಡುವೆ ಒಂದೇ ಒಂದು ಬಿರುಕು ಸಿಕ್ಕರೂ ಯಂತ್ರ ನಿಲ್ಲುತ್ತಿತ್ತು. ಕರಾವಳಿಯ ಬಸ್ಸುಗಳು, ಬೀದರಿನ ದೀಪಗಳು, ಕೊಳ್ಳೇಗಾಲದ ಕಡೆಯ ನೀರಿನ ಟಾಕಿಗಳು ಒಂದೊಂದಾಗಿ ನಿಂತವು. ಮುನ್ನೂರಕ್ಕೂ ಹೆಚ್ಚು ಆಂಬುಲೆನ್ಸುಗಳು ರಸ್ತೆಯ ಬದಿಗೆ ಸರಿದು ದಾರಿ ಕೇಳುತ್ತ ನಿಂತವು. ಅವುಗಳೊಳಗೆ ಯಾರಿದ್ದರೆಂಬ ಪಟ್ಟಿಯನ್ನು ಅವಳಿಗೆ ಮುಂದೆ ಯಾರೂ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಕೋಣೆಯ ಫೋನುಗಳೆಲ್ಲ ಒಟ್ಟಿಗೇ ಬಡಿದುಕೊಳ್ಳತೊಡಗಿದವು.

“ಮೇಡಂ, ಗೇಟು ನನ್ನ ಕೈಗೆ ಬಂತು” ಎಂದ ಎಂಜಿನಿಯರು. “‘ಅಳೆದಿಲ್ಲ’ ಅಂತ ಬರಾಕತ್ತೈತಿ. ಹಂಗಂದ್ರೇನ್ರಿ?”

“ಅಲ್ಲಿ ಮಂದಿ ಅದಾರ ಅಂತ. ಗೇಟು ಹಿಡೀರಿ.”

ಎಷ್ಟು ಹೊತ್ತು ಎಂಬುದು ಅವಳಿಗೆ ಗೊತ್ತಿತ್ತು. ಹೆಚ್ಚು ಯಂತ್ರಗಳು ಎಡವಿದರೆ ನಲವತ್ತು ನಿಮಿಷ ನೋಡಿ, ಹಳೆಯ ಆವೃತ್ತಿಯನ್ನು ತಾನಾಗಿಯೇ ಮರಳಿ ತರುವ ಕಾವಲನ್ನು ಬರೆದವಳೂ ಅವಳೇ. ಅದು ಮರಳಿದರೆ ಗೇಟು ಮತ್ತೆ ಪ್ರೋಗ್ರಾಮಿನ ವಶ. ತಡೆಯಲು ಇಬ್ಬರ ಬೀಗದ ಕೈಯೂ ಬೇಕು. ಹಲಗೇರಿಯವರು ತಮ್ಮದನ್ನು ಜೇಬಿನಿಂದ ತೆಗೆಯಲಿಲ್ಲ.

ನಾಲ್ಕನೆಯ ಸಲಕ್ಕೆ ಕಾಶವ್ವ ಫೋನೆತ್ತಿದಳು. ಹಿಂದೆ ಹೆಣ್ಣುಮಕ್ಕಳು ಜೋಕಾಲಿ ಪದ ಹಾಡುತ್ತಿದ್ದರು.

“ಕಾಶವ್ವಾ, ಗುಡಿ ಗಂಟಿ ಬಾರಸು. ಎಲ್ಲಾರನ್ನೂ ಗುಡ್ಡ ಹತ್ತಸು. ನೀರು ಬರ್ತದ.”

“ಗೇಟಿನ ಮನಶ್ಯಾ ಬಂದಿಲ್ಲಲ್ರೀ ಅಕ್ಕಾರ.”

“ಇನ್ನ ಮ್ಯಾಲೆ ಅಂವ ಬರಂಗಿಲ್ಲ.”

ಕಾಶವ್ವ ಫೋನು ಆರಿಸದೆಯೇ ಗುಡಿಯ ಕಡೆ ಓಡಿದಳು. ಹಾಡು ನಿಂತಿತು. ಆಮೇಲೆ ಸರಯೂಗೆ ಗಂಟೆ ಕೇಳಿಸಿತು. ಸಣ್ಣ ಕಂಚಿನ ಗಂಟೆ, ಒಂದೇ ಸಮನೆ. ಮೂರು ಸರಕಾರದ ಮೋಜಣಿದಾರರು ಸರಪಳಿ ಮಡಚಿದ ಗಂಟೆ ಅದೇ. ಅದು ಎಲ್ಲಿಯವರೆಗೆ ಕೇಳಿಸುತ್ತದೋ ಅಲ್ಲಿಯವರೆಗಿನ ಪ್ರತಿಯೊಬ್ಬರೂ ಹೊರಗೆ ಬರಬೇಕಿತ್ತು, ಅದರಾಚೆಯವರು ಯಾರೂ ಬರಬೇಕಿರಲಿಲ್ಲ. ಅವಳು ಫೋನನ್ನು ಕಿವಿಗೊತ್ತಿಕೊಂಡೇ ಕಾರಿನ ಕಡೆ ಓಡಿದಳು.

ಬೂದಿಹಾಳ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಗುಡ್ಡದ ಮೇಲಿನ ಶಾಲೆಯ ಕಟ್ಟೆಯ ಮೇಲೆ ಜನ ಒದ್ದೆಯಾಗಿ ಕೂತಿದ್ದರು. ಮಿಂಚು ಹೊಸ ಲಂಗದ ತುಂಬ ಕೆಸರು ಮಾಡಿಕೊಂಡು ಯಾರದೋ ಕೂಸನ್ನು ಎತ್ತಿಕೊಂಡಿದ್ದಳು. ಸರಯೂ ಅವಳನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಕಾಶವ್ವ ಎರಡು ಸಲ ಎಣಿಸಿದ್ದಳು. ಆಡು ಕೋಳಿ ಬಿಟ್ಟರೆ ಎಲ್ಲರೂ ಬಂದಿದ್ದರು. ಕೊನೆಯವರು ಗುಡ್ಡದ ಅರ್ಧಕ್ಕೆ ಬಂದಾಗ ಹಿಂದೆ ನೀರಿನ ಸದ್ದು ಕೇಳಿತಂತೆ. ಸೈರನ್ ಊದಲಿಲ್ಲವಂತೆ.

ಕೆಳಗೆ ಮೂವತ್ತೊಂದು ಮನೆಗಳ ಜಾಗದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಗುಡಿಯ ಕಳಸ, ಆಲದ ಮರದ ಮೇಲಿನ ಅರ್ಧ ಮಾತ್ರ ಕಾಣುತ್ತಿದ್ದವು. ಸರಯೂ ಮೊಬೈಲು ತೆಗೆದು ನೋಡಿದಳು. ಈಗ ನಕ್ಷೆ ಸರಿಯಾಗಿತ್ತು. ಗಡಿಯವ್ವನ ಕಡೆಯ ಮಂದಿಯೆಲ್ಲ ಬೂದಿಹಾಳದಲ್ಲಿದ್ದರು, ಹೊಳೆಪಾತ್ರದಲ್ಲಿ ಜನವಸತಿ ಇರಲಿಲ್ಲ.

ಕಾಶವ್ವ ಪಕ್ಕಕ್ಕೆ ಬಂದು ಕೂತಳು. ಗಂಟೆ ಬಾರಿಸಿದ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿತ್ತು. “ಒಂದು ಮಾತು ಕೇಳ್ತೀನ್ರಿ ಅಕ್ಕಾರ. ಸಿಟ್ಟಾಗಬ್ಯಾಡ್ರಿ. ಇವತ್ತು ಮಿಂಚು ನನ್ನ ಕೂಡ ಬರದಿದ್ರ?”

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಇದೊಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಗಂಟಿ ಬಾರಸು ಅಂತ ಹೇಳತಿರಲಿಲ್ಲ ಕಾಶವ್ವ.”

ಕಾಶವ್ವ ತಲೆಯಾಡಿಸಿದಳು. ಎದ್ದು ಹೋಗಿ ತನ್ನ ಮೊಮ್ಮಕ್ಕಳ ತಲೆ ಒರೆಸತೊಡಗಿದಳು. ಮಿಂಚುವಿನ ತಲೆಯೂ ಒದ್ದೆಯಾಗಿತ್ತು. ಅದನ್ನು ಸರಯೂ ತನ್ನ ಸೆರಗಿನಿಂದ ತಾನೇ ಒರೆಸಿದಳು.

ಮೊಬೈಲಿಗೆ ಹಲಗೇರಿಯವರ ಸಂದೇಶ ಬಂದಿತ್ತು: ‘ಹಳೆಯ ಆವೃತ್ತಿ ಮರಳಿದೆ. ಎಲ್ಲ ಸರಿಯಾಗಿದೆ. ಯಾವ ಊರಿಗೂ ಹಾನಿಯಿಲ್ಲ.’ ಅವಳ ಬೀಗದ ಕೈಯನ್ನು ರದ್ದು ಮಾಡಿದ ಪತ್ರ ಅದರ ಕೆಳಗಿತ್ತು. ಅದರ ಕೆಳಗೆ ಪೆಟ್ಟಿಗೆ. ಎರಡು ವರ್ಷ ಖಾಲಿಯಿದ್ದ ಪೆಟ್ಟಿಗೆಯಲ್ಲಿ ಈಗ ನಾಲ್ಕು ಸಾವಿರದ ನೂರ ಹನ್ನೆರಡು ಸಾಲುಗಳಿದ್ದವು.

ಅವಳು ಒಂದೊಂದನ್ನೇ ತೆರೆದಳು. ಸಮಯ, ಅಕ್ಷಾಂಶ, ರೇಖಾಂಶ, ‘ಅಳೆದಿಲ್ಲ’. ಕಾರವಾರದ ಕಡೆಯ ಒಂದು ಬಂಡೆಯ ಮಗ್ಗುಲಿನಿಂದ ಯಾರೋ ಬಸ್ಸು ಕೇಳಿದ್ದರು. ಗಡಿಯ ಕಾಡಂಚಿನಿಂದ ಯಾರೋ ಹೆರಿಗೆಗೆ ಗಾಡಿ ಕೇಳಿದ್ದರು. ಒಂದು ಸಾಲು ಧಾರವಾಡದ್ದೇ, ಅವಳ ಮನೆಯಿಂದ ಎರಡು ಮೈಲಿಯಾಚೆ. ಗಡಿಯವ್ವನಂಥವರು ಎಷ್ಟು ಮಂದಿ ಇದ್ದಾರೋ, ಯಾವ ಯಾವ ಮೋಜಣಿದಾರ ಏನು ಕೇಳಿ ಎಲ್ಲೆಲ್ಲಿ ಸರಪಳಿ ಮಡಚಿದ್ದನೋ. ಆ ನಲವತ್ತು ನಿಮಿಷದಲ್ಲಿ ಏನನ್ನಾದರೂ ಕೇಳಿದವರದು ಮಾತ್ರ ಇದು. ಕೇಳದೆ ಕೂತವರ ಲೆಕ್ಕ ಇದರಲ್ಲಿ ಇಲ್ಲ.

ಅವಳು ಪಟ್ಟಿಯ ತುದಿಗೆ ಇಳಿದಳು. ಕೊನೆಯ ಸಾಲಿನ ಸಮಯ ಹನ್ನೊಂದೂ ಮೂವತ್ತನಾಲ್ಕು. ಅದಾದ ಮೇಲೆ ಒಂದೂ ಇರಲಿಲ್ಲ. ಎಲ್ಲರಿಗೂ ಮತ್ತೆ ಊರು ಸಿಕ್ಕಿತ್ತು.